ತಳಕಲ್ಲಿಗೆ ಹೋಗಲು ಒಂದು ಕಾರಣ

ನನ್ನ ಗಂಡನ ಹೈಸ್ಕೂಲು ಇನ್ನೂ ಮುಗಿದಿಲ್ಲ. ಗಂಗಾವತಿಯ ನಮ್ಮ ಮನೆಯ ಪಡಸಾಲೆಯಲ್ಲಿ ಪ್ರತಿ ಭಾನುವಾರ ಸಂಜೆ ಅದು ನಡೆಯುತ್ತದೆ. ಅವರ ಜೊತೆ ಹತ್ತನೆಯ ತರಗತಿಯಲ್ಲಿ ಓದಿದ ನಾಲ್ವರು ಬರುತ್ತಾರೆ. ಗೊಬ್ಬರದ ಅಂಗಡಿಯ ಬಾಗಿಲು ಹಾಕಿ ನನ್ನ ಗಂಡನೂ ಬಂದು ಕೂರುತ್ತಾರೆ. ಯಾವ ಮಾಸ್ತರರ ಸೈಕಲ್ಲಿನ ಗಾಳಿ ಬಿಟ್ಟರು, ಯಾರು ಕಾಂಪೌಂಡ್ ಹಾರಿ ಬಿದ್ದು ಕೈ ಮುರಿದುಕೊಂಡ, ಎಲ್ಲವೂ ಅವೇ ಕಥೆಗಳು. ಎಲ್ಲಿ ನಗು ಬರುತ್ತದೆ ಎಂಬುದು ಒಳಗೆ ಮಿರ್ಚಿ ಕರಿಯುತ್ತಿರುವ ನನಗೆ ಅವರಿಗಿಂತ ಮೊದಲೇ ಗೊತ್ತಿರುತ್ತದೆ. ಮದುವೆಯಾಗಿ ಹದಿನೆಂಟು ವರ್ಷವಾಯಿತು. ಅಷ್ಟೂ ವರ್ಷ ಮಂಡಕ್ಕಿ ಒಗ್ಗರಣೆ, ಮಿರ್ಚಿ, ಚಹಾ.

ಒಮ್ಮೆ ಅವರಲ್ಲಿ ಒಬ್ಬರು, ಒಳ್ಳೆಯ ಮನುಷ್ಯ, ತಟ್ಟೆ ಇಸಿದುಕೊಳ್ಳುತ್ತಾ ಕೇಳಿದರು: "ವೈನೀ, ನಿಮ್ಮ ಸಾಲ್ಯಾಗಿನ ಗೆಳತ್ಯಾರು ಯಾರೂ ಬರಂಗಿಲ್ಲೇನ್ರಿ?"

ನಾನು ಬಾಯಿ ತೆರೆಯುವುದರೊಳಗೆ ನನ್ನ ಗಂಡ ಉತ್ತರ ಕೊಟ್ಟರು. "ಆಕೀಗ್ಯಾರದಾರೋ? ಎಲ್ಲಾರೂ ಲಗ್ನ ಆಗಿ ಹೋಗ್ಯಾರ."

ಅಲ್ಲಿ ಕೂತ ಐವರೂ ಲಗ್ನವಾದವರೇ. ಅದು ಯಾರಿಗೂ ಹೊಳೆಯಲಿಲ್ಲ. ನಾನು ಒಳಗೆ ಹೋಗಿ ಒಲೆಯನ್ನು ಬೇಕಾದ್ದಕ್ಕಿಂತ ಜೋರು ಮಾಡಿದೆ.

ನನಗೆ ಇಬ್ಬರು ಗೆಳತಿಯರಿದ್ದರು. ಕುಕನೂರಿನ ಹೈಸ್ಕೂಲಿನಲ್ಲಿ ಮೂರು ವರ್ಷ ಒಂದೇ ಬೆಂಚು. ಒಬ್ಬಳು ಪಕ್ಕದ ಹಳ್ಳಿಯಿಂದ ದಿನಾ ನಡೆದು ಬರುತ್ತಿದ್ದಳು. ಅವ್ವ ಅಪ್ಪ ಇಬ್ಬರೂ ಕೂಲಿಗೆ ಹೋಗುವವರು. ಅವಳ ಗಂಟಲು ದೊಡ್ಡದು. ಪ್ರಾರ್ಥನೆಗೆ ಅವಳನ್ನೇ ಮುಂದೆ ನಿಲ್ಲಿಸುತ್ತಿದ್ದರು. ಈಗ ಅವಳು ಬಸ್ ಕಂಡಕ್ಟರ್. ಇನ್ನೊಬ್ಬಳು ನಮ್ಮ ಓಣಿಯವಳೇ, ಮೆಣಸಿನಕಾಯಿ ವ್ಯಾಪಾರಿಯ ಮಗಳು. ಅವಳನ್ನು ನಾವು ಲೆಕ್ಕದಾಕಿ ಎನ್ನುತ್ತಿದ್ದೆವು. ಗಣಿತದ ಮಾಸ್ತರರು ಬೋರ್ಡಿನ ಮೇಲೆ ಲೆಕ್ಕ ಬರೆದು ತಿರುಗುವಷ್ಟರಲ್ಲಿ ಅವಳು ಉತ್ತರ ಬರೆದು ನೋಟಿನ ಪಟ್ಟಿಯನ್ನು ಬೋರಲು ಹಾಕಿ ಕಿಟಕಿಯಿಂದ ಹೊರಗೆ ನೋಡುತ್ತ ಕೂತಿರುತ್ತಿದ್ದಳು. ನಾನು ಅವಳ ಪಟ್ಟಿ ನೋಡಿ ಬರೆದೇ ಪಾಸಾದವಳು. ಇದನ್ನು ಹೇಳಲು ನನಗೆ ನಾಚಿಕೆಯಿಲ್ಲ. ನಾಚಿಕೆಯ ಸಂಗತಿ ಬೇರೆಯದಿದೆ.

ಹತ್ತನೆಯ ತರಗತಿಯ ಪರೀಕ್ಷೆ ಮುಗಿದ ಮೇಲೆ ಗಣಿತದ ಮಾಸ್ತರರೇ ಕೊಪ್ಪಳಕ್ಕೆ ಹೋಗಿ ಕಾಲೇಜಿನ ವಿಜ್ಞಾನ ವಿಭಾಗದ ಅರ್ಜಿಯನ್ನೂ ಹಾಸ್ಟೆಲಿನ ಅರ್ಜಿಯನ್ನೂ ಅವಳಿಗೆ ತಂದುಕೊಟ್ಟರು. ಮನೆಯಲ್ಲಿ ಗೊತ್ತಾದರೆ ಬಿಡುವುದಿಲ್ಲ, ಫಲಿತಾಂಶ ಬಂದ ದಿನ ಅಂಕಪಟ್ಟಿಯನ್ನೂ ಅರ್ಜಿಯನ್ನೂ ಒಟ್ಟಿಗೆ ಅಪ್ಪನ ಮುಂದಿಡುತ್ತೇನೆ ಎಂಬುದು ಅವಳ ಯೋಚನೆ. ಅಲ್ಲಿಯವರೆಗೆ ಅರ್ಜಿಗಳು ನಮ್ಮ ಮನೆಯಲ್ಲಿದ್ದವು, ನನ್ನ ಟ್ರಂಕಿನಲ್ಲಿ, ಹಾಸಿದ ಪೇಪರಿನ ಕೆಳಗೆ.

ಅವ್ವ ಒಂದು ದಿನ ಟ್ರಂಕು ಝಾಡಿಸುವಾಗ ಅವು ಸಿಕ್ಕವು. "ಇವು ಯಾರವು?" ಎಂದು ಕೇಳಿದಳು. ನನ್ನವು ಎನ್ನಬಹುದಿತ್ತು. ಹೆಸರು ತುಂಬಿರಲಿಲ್ಲ. ಅವಳವು ಎಂದೆ. ಎರಡು ದಿನಕ್ಕೆ ಹಿಟ್ಟಿನ ಗಿರಣಿಯಲ್ಲಿ ಅವ್ವ ಅವಳ ತಾಯಿಗೆ ಮಾತಿಗೆ ಮಾತು ಬಂದು ಹೇಳಿಬಿಟ್ಟಳು. ಆ ಸಂಜೆ ಅವಳ ಅಪ್ಪ ನಮ್ಮ ಮನೆಗೆ ಬಂದು, ಕಟ್ಟೆಯ ಮೇಲೆ ಕೂತು, ನೀರು ಕುಡಿದು, ಅರ್ಜಿಗಳನ್ನು ಇಸಿದುಕೊಂಡು ಹೋದರು. ಗದ್ದಲವೇನೂ ಆಗಲಿಲ್ಲ. ಫಲಿತಾಂಶ ಬಂದಾಗ ಗಣಿತದಲ್ಲಿ ಇಡೀ ಶಾಲೆಗೆ ಅವಳೇ ಮೊದಲು. ಆದರೂ ಅವಳನ್ನು ಮನೆಯಲ್ಲೇ ಉಳಿಸಿಕೊಂಡರು. ಹೊಲಿಗೆ ಕಲಿಯಲು ಹಾಕಿದರು. ಹದಿನೆಂಟು ತುಂಬಿದ ಕೂಡಲೇ ತಳಕಲ್ಲಿಗೆ ಕೊಟ್ಟರು.

ಕೊಪ್ಪಳದ ಆ ಕಾಲೇಜಿಗೆ ಹೋದವಳು ನಾನು. ಅಲ್ಲಿ ನಮ್ಮ ಸೋದರಮಾವನ ಮನೆ ಇತ್ತು, ಅಪ್ಪ ಕಳಿಸಿದರು. ಮೊದಲ ದಿನ ವಿಜ್ಞಾನದ ಹುಡುಗಿಯರ ಸಾಲನ್ನು ನೋಡಲಾಗದೆ ಸುತ್ತು ಹಾಕಿ ಹೋದೆ. ಅದೇ ಕಾರಣಕ್ಕೆ ಅವಳ ಮದುವೆಗೂ ಹೋಗಲಿಲ್ಲ. ಪರೀಕ್ಷೆ ಇದೆ ಎಂದು ಹೇಳಿ ಕಳಿಸಿದೆ. ಪರೀಕ್ಷೆ ಇದ್ದದ್ದು ನಿಜ, ಆದರೆ ಆ ದಿನ ಇರಲಿಲ್ಲ. ನನ್ನ ಮದುವೆಗೆ ಅವಳು ಬರಲಿಲ್ಲ, ಆಗ ಬಾಣಂತಿ.

ಆಮೇಲೆ ಗಂಗಾವತಿ. ನಾಲ್ಕು ವರ್ಷ ಬಿಟ್ಟು ಸರಕಾರಿ ಕಚೇರಿಯಲ್ಲಿ ಗುಮಾಸ್ತೆಯ ಕೆಲಸ, ಇಬ್ಬರು ಮಕ್ಕಳು, ಅತ್ತೆಯ ಮೊಣಕಾಲು, ನಾದಿನಿಯರ ಬಾಣಂತನ. ಗಂಗಾವತಿಯಿಂದ ತಳಕಲ್ ಎಷ್ಟು ದೂರ? ಬೆಳಿಗ್ಗೆ ಹೊರಟರೆ ಸಂಜೆಗೆ ಮನೆಯಲ್ಲಿರಬಹುದು. ಅಷ್ಟನ್ನು ನಾನು ಇಪ್ಪತ್ತು ವರ್ಷ ದಾಟಲಿಲ್ಲ. ತವರಿಗೆ ಹೋಗಲು ಕಾರಣ ಬೇಕಿಲ್ಲ, ಸೀಮಂತಕ್ಕೆ, ಸತ್ತವರ ಮಣ್ಣಿಗೆ, ಹೊಸ ಮನೆ ತುಂಬುವುದಕ್ಕೆ ಹೋಗಲು ಕಾರಣ ತಾನಾಗಿಯೇ ಇರುತ್ತದೆ. ಗೆಳತಿಯನ್ನು ನೋಡಿ ಬರುತ್ತೇನೆ ಎಂದರೆ ಮಾತ್ರ ನಮ್ಮತ್ತೆ ಕನ್ನಡಕ ಸರಿಮಾಡಿಕೊಳ್ಳುತ್ತಿದ್ದರು.

"ಯಾವ ಗೆಳತಿನವಾ?"

"ಸಾಲ್ಯಾಗ ಕೂಡಿ ಓದಿದಾಕಿರೀ ಅತ್ತೀ."

"ಆರಾಮಿಲ್ಲೇನು ಆಕೀಗೆ?"

"ಆರಾಮದಾಳ್ರಿ."

"ಮತ್ತ್ಯಾಕ?"

ಕೋಪದಿಂದ ಕೇಳುತ್ತಿರಲಿಲ್ಲ. ಅವರಿಗೆ ನಿಜವಾಗಿಯೂ ತಿಳಿಯುತ್ತಿರಲಿಲ್ಲ. ಅವರ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿರಲಿಲ್ಲ ಎಂಬುದೇ ನನ್ನ ಸಿಟ್ಟು. ಇದ್ದ ಒಂದು ಉತ್ತರವನ್ನು ಹೇಳುವಂತಿರಲಿಲ್ಲ.

ಮೂರು ವರ್ಷದ ಹಿಂದೆ ಕಚೇರಿಯ ಕೆಲಸದ ಮೇಲೆ ಕೊಪ್ಪಳಕ್ಕೆ ಹೋಗಿ, ಅಲ್ಲಿಂದ ಕುಷ್ಟಗಿಯ ಬಸ್ಸು ಹತ್ತಿದೆ. "ಹಿಂದ ಸರೀರಿ, ಹಿಂದ ಜಾಗಾ ಐತಿ" ಎಂಬ ಕೂಗು ಕೇಳಿದ ಕೂಡಲೇ ಆ ಗಂಟಲು ಗುರುತು ಸಿಕ್ಕಿತು. ಖಾಕಿ ಅಂಗಿ, ಹೆಗಲಿಗೆ ಚೀಲ. ಅವಳು ನನ್ನನ್ನು ನೋಡಿ, "ಆಧಾರ್ ತೋರಿಸ್ರಿ ಮೇಡಮ್ಮಾರ" ಎಂದಳು, ಮುಖದಲ್ಲಿ ನಗುವೇ ಇಲ್ಲ. ಆಮೇಲೆ ನನ್ನ ತಲೆಯ ಮೇಲೊಂದು ಮೊಟಕಿದಳು. ಕುಷ್ಟಗಿ ಬರುವವರೆಗೆ ನಾವು ಮಾತನಾಡಿದ್ದು ಒಟ್ಟು ಹತ್ತು ನಿಮಿಷವಿರಬೇಕು. ಒಂದು ವಾಕ್ಯ ಮುಗಿಯುವುದರೊಳಗೆ ಒಂದು ನಿಲ್ದಾಣ. ಗಂಡ ಗ್ರಾನೈಟ್ ಕೆಲಸದಲ್ಲಿದ್ದಾನೆ, ಅವ್ವ ಬಂದು ಮನೆಯಲ್ಲಿದ್ದಾಳೆ, ಅವಳಿಂದಲೇ ತನ್ನ ನೌಕರಿ ನಡೆದಿದೆ ಎಂದಳು. ಇಳಿಯುವಾಗ ಕೇಳಿದೆ: "ಲೆಕ್ಕದಾಕಿ?"

"ತಳಕಲ್‌ನ್ಯಾಗ ಅದಾಳ. ಹೊಲಿಗಿ ಮಾಡ್ತಾಳ. ಆ ರೂಟ್ ಬಿದ್ದಾಗ ನಾ ಕಿಟಕ್ಯಾಗಿಂದ ನೋಡಿರತೇನಿ. ನೀ ಹೋಗಿಲ್ಲೇನು?"

"ಇಲ್ಲ."

"ಒಮ್ಮಿನೂ?"

ಅಷ್ಟರಲ್ಲಿ ಡ್ರೈವರ್ ಹಾರ್ನ್ ಹೊಡೆದ.

ಹೋದ ವರ್ಷ ನಮ್ಮ ಬ್ಯಾಚಿನ ಹುಡುಗರು, ಅಂದರೆ ತಲೆ ನೆರೆತ ಹುಡುಗರು, ಗುರುವಂದನೆ ಇಟ್ಟುಕೊಂಡರು. ವಾಟ್ಸಾಪ್ ಗುಂಪು ಮಾಡಿ ನನ್ನನ್ನೂ ಸೇರಿಸಿದರು. ಈ ಸಲ ನನ್ನ ಹತ್ತಿರ ಒಂದು ಕಾರಣವಿತ್ತು, ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾಗಿ ಬಂದಿತ್ತು. ನನ್ನ ಗಂಡ, "ಒಬ್ಬಾಕಿ ಹ್ಯಾಂಗ ಹೋಗ್ತಿ, ನಾ ಬರ್ತೀನಿ ನಡೀ" ಎಂದು ಕಾರು ತೆಗೆದರು. ಒಳ್ಳೆಯ ಮನಸ್ಸಿನಿಂದಲೇ ಬಂದರು. ಬಂದು, ಶಾಲೆಯ ಹೊರಗೆ ಬೇವಿನ ಮರದ ಕೆಳಗೆ ಕಾರಿನಲ್ಲಿ ಕೂತು, ಕಾಲು ಗಂಟೆಗೊಮ್ಮೆ ಫೋನ್ ಮಾಡಿದರು. "ಇನ್ನೂ ಎಷ್ಟೊತ್ತೈತಿ?"

ಹೆಣ್ಣುಮಕ್ಕಳೆಲ್ಲ ಒಂದೇ ಬಣ್ಣದ ಸೀರೆ ಉಡಬೇಕೆಂದು ಗುಂಪಿನಲ್ಲಿ ಹಾಕಿದ್ದರು. ಉಟ್ಟು ಹೋದೆವು. ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ನಿಲ್ಲುವುದು, ಗುರುಗಳಿಗೆ ಕುಂಕುಮ ಹಚ್ಚುವುದು, ಆಮೇಲೆ ಊಟಕ್ಕೆ ಬಡಿಸುವುದು ನಮ್ಮ ಪಾಲಿಗೆ ಬಂತು. ಮೈಕು ಅವರ ಪಾಲಿಗೆ. ಒಬ್ಬೊಬ್ಬನೂ ಎದ್ದು ನಿಂತು ತಾನು ಈ ಶಾಲೆಯಲ್ಲಿ ಎಷ್ಟು ಏಟು ತಿಂದೆ ಎಂದು ಹೇಳಿ ಚಪ್ಪಾಳೆ ಗಿಟ್ಟಿಸಿದ. ಕಂಡಕ್ಟರ್ ಗೆಳತಿಗೆ ಆ ದಿನ ರಜೆ ಸಿಕ್ಕಿರಲಿಲ್ಲ. ಲೆಕ್ಕದಾಕಿಯನ್ನು ಯಾರೂ ಕರೆದೇ ಇರಲಿಲ್ಲ. ನಂಬರ್ ಸಿಗಲಿಲ್ಲ ಎಂದರು. ಊರು ಗೊತ್ತಿತ್ತು, ಕೂಗಿದರೆ ಕೇಳುವಷ್ಟು ಹತ್ತಿರದ ಊರು.

ಗಣಿತದ ಮಾಸ್ತರರಿಗೆ ಈಗ ಕಣ್ಣು ಮಂಜು. ನಾನು ಎಲೆಗೆ ಪಲ್ಯ ಬಡಿಸುವಾಗ ನನ್ನ ಕೈ ಹಿಡಿದು, "ನಿನ್ನ ಬಾಜೂಕ ಕೂಡ್ತಿದ್ದಳಲ್ಲ, ಆ ಹುಡುಗಿ ಏನ್ ಓದಿದಳವಾ?" ಎಂದು ಕೇಳಿದರು.

"ಓದಲಿಲ್ರಿ ಸರ್."

"ಅರ್ಜಿ ತಂದ ಕೊಟ್ಟಿದ್ದೆ."

ನನ್ನ ಕೈಯಲ್ಲಿ ಸೌಟು ಇತ್ತು. ಹೊರಗಿನಿಂದ ಫೋನ್ ಬಂತು. ಮುಂದಿನ ಎಲೆಗೆ ಹೋದೆ.

ಅದಾದ ಹತ್ತು ದಿನಕ್ಕೆ ಒಂದು ಬುಧವಾರ ಕಚೇರಿಗೆ ರಜೆ ಹಾಕಿದೆ. ಮನೆಯಲ್ಲಿ ಹೇಳಲಿಲ್ಲ. ಎಂದಿನಂತೆ ಡಬ್ಬಿ ಕಟ್ಟಿಕೊಂಡು, ಎಂದಿನ ಹೊತ್ತಿಗೆ ಹೊರಟು, ಕಚೇರಿಯ ಕಡೆ ತಿರುಗದೆ ಬಸ್ ಸ್ಟ್ಯಾಂಡಿಗೆ ಹೋದೆ. ನಲವತ್ತರ ಹತ್ತಿರ ಬಂದ ಹೆಂಗಸು, ಸರಕಾರಿ ನೌಕರಿಯವಳು, ಗೆಳತಿಯ ಮನೆಗೆ ಕಳ್ಳಿಯ ಹಾಗೆ ಹೊರಟಿದ್ದೇನೆ ಎಂದು ದಾರಿಯುದ್ದಕ್ಕೂ ಮೈ ಉರಿಯುತ್ತಿತ್ತು. ಕಂಡಕ್ಟರ್ ಗೆಳತಿಗೆ ಆ ವಾರ ಕೊಪ್ಪಳದಿಂದ ಕುಕನೂರಿನ ಮೇಲೆ ಯಲಬುರ್ಗಾಕ್ಕೆ ಹೋಗುವ ಬಸ್ಸು. ಮೊದಲೇ ಫೋನ್ ಮಾಡಿದ್ದೆ. ಮುಂದಿನ ಸೀಟಿನ ಮೇಲೆ ತನ್ನ ಊಟದ ಚೀಲ ಇಟ್ಟು ಜಾಗ ಹಿಡಿದಿದ್ದಳು. ತಳಕಲ್ಲಿನಲ್ಲಿ ನಾನು ಇಳಿಯುವಾಗ, "ಮೂರಕ್ಕ ಹೊಳ್ಳಿ ಬರ್ತೀನಿ, ರಸ್ತಾದಾಗ ನಿಂತಿರು. ನಿಂತು ಕಾಯಾಕ ಆಗಂಗಿಲ್ಲ ಮತ್ತ" ಎಂದಳು.

ಬಾಗಿಲ ಪಕ್ಕದಲ್ಲೇ ಹೊಲಿಗೆ ಯಂತ್ರ. ಹಗ್ಗದ ಮೇಲೆ ಓಣಿಯ ಹೆಂಗಸರ ಕುಪ್ಪಸಗಳು ಸಾಲಾಗಿ ನೇತುಬಿದ್ದಿದ್ದವು. ಲೆಕ್ಕದಾಕಿ ತುಟಿಯಲ್ಲಿ ಪಿನ್ನು ಕಚ್ಚಿಕೊಂಡು ಬಟ್ಟೆಗೆ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದಳು. ತಲೆ ಎತ್ತಿ ನೋಡಿದಳು. ಪಿನ್ನು ತೆಗೆದಳು.

"ಬಾ. ಕುಂದ್ರು. ಈ ತೋಳೊಂದು ಕತ್ತರಿಸಿ ಬಿಡತೇನಿ."

ನಿನ್ನೆ ಬಂದು ಹೋದವಳಿಗೆ ಹೇಳುವ ಹಾಗೆ ಹೇಳಿದಳು. ದಾರಿಯಲ್ಲಿ ಕಟ್ಟಿಕೊಂಡು ಬಂದಿದ್ದ ಮಾತುಗಳನ್ನೆಲ್ಲ ಬದಿಗಿಟ್ಟು ನಾನು ಚಪ್ಪಲಿ ಬಿಟ್ಟು ಒಳಗೆ ಬಂದು ಕೂತೆ. ಒಳಗಿನಿಂದ ಅವಳ ಅತ್ತೆ ಬಂದು ನನ್ನ ಎದುರಿಗೆ ಕಾಲು ಚಾಚಿ ಕೂತರು. "ಯಾರವಾ ಈಕಿ?"

"ಸಾಲ್ಯಾಗ ಕೂಡಿ ಓದಿದಾಕ್ರಿ."

"ಏನ್ ಕೆಲಸಿತ್ತಂತ?"

ಆ ಪ್ರಶ್ನೆ ಗಂಗಾವತಿಯಿಂದ ನನ್ನ ಹಿಂದೆಯೇ ಬಸ್ಸು ಹತ್ತಿ ಬಂದಿರಬೇಕು ಅನ್ನಿಸಿತು. ಈ ಕಡೆ ಬಂದಿದ್ದೆ, ಹಾಗೇ ನೋಡಿಕೊಂಡು ಹೋಗೋಣವೆಂದು, ಎಂದು ಸುಳ್ಳು ಹೇಳಿದೆ. ಆಮೇಲೆ ಅವರು ಎದ್ದೇ ಹೋಗಲಿಲ್ಲ. ಎಷ್ಟು ಮಕ್ಕಳು, ಗಂಡನ ಮನೆಯವರು ಯಾರ ಪೈಕಿ, ಗಂಗಾವತಿಯ ಕಡೆ ದಿನಾ ಅನ್ನವನ್ನೇ ಉಣ್ಣುತ್ತೀರಂತಲ್ಲ, ಹೊಟ್ಟೆ ತುಂಬುತ್ತದೆಯೇ. ನಡುನಡುವೆ ಕುಪ್ಪಸ ಕೊಡಲು, ಒಯ್ಯಲು, ಸಡಿಲಾಯಿತೆಂದು ಹೇಳಲು ಹೆಂಗಸರು ಬಂದರು. ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಚಟ್ನಿ ಉಂಡೆವು. ಅವಳ ಮಗಳು ಯಲಬುರ್ಗಾದಲ್ಲಿ ಎರಡನೆಯ ಪಿಯುಸಿ ಓದುತ್ತಿದ್ದಾಳೆ, ಗೋಡೆಯ ಮೇಲೆ ಅವಳ ಸರ್ಟಿಫಿಕೇಟುಗಳಿವೆ, ಇಷ್ಟು ತಿಳಿಯಿತು. ಗಡಿಯಾರ ಎರಡೂವರೆ ತೋರಿಸಿತು. ನಾನು ಹೇಳಲು ಬಂದದ್ದರಲ್ಲಿ ಒಂದು ಮಾತನ್ನೂ ಆಡಿರಲಿಲ್ಲ.

ಕೊನೆಗೆ ಅವಳೇ ಒಂದು ಕುಪ್ಪಸ ಮಡಚಿ ಕೈಯಲ್ಲಿ ಹಿಡಿದು, "ಅತ್ತೀ, ಇದನ್ನ ಕೊಟ್ಟು, ಈಕೀನ್ನ ಬಸ್ಸಿಗೆ ಹತ್ತಿಸಿ ಬರ್ತೀನ್ರಿ" ಎಂದಳು. ಅವಳಿಗೂ ಒಂದು ಕಾರಣ ಬೇಕಾಗಿತ್ತು.

ರಸ್ತೆಗೆ ಬಂದ ಮೇಲೆ ಸುತ್ತಿ ಬಳಸಿ ಹೇಳಲು ವೇಳೆ ಇರಲಿಲ್ಲ.

"ಆ ಅರ್ಜಿ ನಿನ್ನವು ಅಂತ ನಮ್ಮವ್ವಗ ಹೇಳಿದ್ದು ನಾನು."

"ಗೊತ್ತೈತಿ. ನಿನ್ನ ಟ್ರಂಕಿನ್ಯಾಗಿದ್ದಾವು ಮತ್ತ ಹ್ಯಾಂಗ ಹೊರಗ ಬರ್ತಾವ? ನಿಮ್ಮವ್ವ ಗದರಿಸಿರತಾಳ, ನೀ ಹೇಳಿರತಿ. ಹದಿನಾರು ವರ್ಷದ ಹುಡುಗಿ ಏನ್ ಮಾಡತೈತಿ."

ಅಲ್ಲಿಗೆ ಬಿಡಬಹುದಿತ್ತು. ಬಿಡಲಿಲ್ಲ.

"ಗದರಿಸಲಿಲ್ಲ. ಸುಮ್ನ ಕೇಳಿದಳು. ನನ್ನವು ಅಂದಿದ್ರ ನಡೀತಿತ್ತು. ನೀ ಕೊಪ್ಪಳಕ್ಕ ಹೋದ್ರ ಇಲ್ಲಿ ನಾ ಒಬ್ಬಾಕೀನ ಉಳೀತೇನಿ ಅಂತ ಅನಸ್ತು. ಅದಕ್ಕ ಹೇಳಿದೆ."

ಅವಳು ನಿಂತಳು. ಮಡಚಿದ ಕುಪ್ಪಸವನ್ನು ಇನ್ನೊಂದು ಸಲ ಮಡಚಿದಳು.

"ಇದು ಗೊತ್ತಿರಲಿಲ್ಲ ನೋಡು," ಎಂದಳು. ಕುಪ್ಪಸವನ್ನು ಕಂಕುಳಲ್ಲಿ ಇಟ್ಟುಕೊಂಡು, "ಯಾಕ ಹೇಳಿದಿ? ಇಷ್ಟು ವರ್ಷ ನಿಮ್ಮವ್ವನ್ನ ಬೈಕೋತ ಆರಾಮಿದ್ದೆ. ಈಗ ನಿನ್ನ ಬೈಬೇಕು."

"ಬೈ."

"ಬೈತೇನಿ. ಇಪ್ಪತ್ತು ವರ್ಷ ಈ ಕಡೆ ಮುಖ ಹಾಕಲಿಲ್ಲ. ಬಂದಾಕಿ ಇದನ್ನ ಹೊತ್ತುಕೊಂಡು ಬಂದಿ. ನಿನ್ನ ಹೊಟ್ಟಿ ಹಗುರ ಮಾಡಕೊಳ್ಳಾಕ ಬಂದಿ ನೀ, ನನ್ನ ನೋಡಾಕಲ್ಲ."

ಬಸ್ಸು ಬಂತು. ಕಂಡಕ್ಟರ್ ಗೆಳತಿ ಬಾಗಿಲಿನಿಂದ ಇಣುಕಿ ನಮ್ಮಿಬ್ಬರ ಮುಖ ನೋಡಿ ಸೀಟಿ ಊದಲಿಲ್ಲ, ಒಂದು ನಿಮಿಷ ನಿಂತಳು. ನಿಲ್ಲುವುದಿಲ್ಲ ಎಂದವಳು. ನಾನು ಹತ್ತಿ ಕೂತ ಮೇಲೆ ಲೆಕ್ಕದಾಕಿ ಕಿಟಕಿಯ ಹತ್ತಿರ ಬಂದು ಸರಳು ಹಿಡಿದುಕೊಂಡಳು. ಕಣ್ಣಲ್ಲಿ ನೀರಿರಲಿಲ್ಲ, ಸಿಟ್ಟಿತ್ತು.

"ನನ್ನ ಮಗಳು ಡಿಗ್ರಿಗೆ ಕೊಪ್ಪಳಕ್ಕ ಹೋಗ್ಬೇಕಂತಾಳ, ಹಾಸ್ಟೆಲ್‌ನ್ಯಾಗ ಇರತೇನಿ ಅಂತಾಳ. ಅವರಪ್ಪ ಒಲ್ಲೆ ಅಂತಾರ. ನೀ ನೌಕರಿ ಮಾಡಾಕಿ, ನಿನ್ನ ಮಾತು ಕೇಳಬಹುದು. ಬಂದು ಹೇಳು."

"ಬರ್ತೀನಿ."

"ಮತ್ತ ಇಪ್ಪತ್ತು ವರ್ಷಕ್ಕ ಬರಬ್ಯಾಡ."

ಕೊಪ್ಪಳ ಬಸ್ ಸ್ಟ್ಯಾಂಡಿನಲ್ಲಿ ನನ್ನ ಗಂಡನ ಭಾನುವಾರದ ಗೆಳೆಯರಲ್ಲಿ ಒಬ್ಬರು ನನ್ನನ್ನು ನೋಡಿದ್ದರು. ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು.

"ಹೇಳಿ ಹೋಗಾಕ ಏನಾಗಿತ್ತು?" ನನ್ನ ಗಂಡ ಕೇಳಿದರು. "ಯಾರ್ ಬ್ಯಾಡ ಅಂತಿದ್ರು?"

"ಯಾರೂ ಬ್ಯಾಡ ಅಂತಿರಲಿಲ್ರೀ. ಯಾಕ ಅಂತ ಕೇಳ್ತಿದ್ರಿ. ನಿಮ್ಮ ಗೆಳ್ಯಾರು ಬಂದಾಗ ಯಾಕ ಬಂದ್ರಿ ಅಂತ ಯಾರರ ಕೇಳ್ಯಾರೇನು?"

"ಅವ್ರು ವಾರಾ ಬರೂವವ್ರು."

"ಅದನ್ನ ನಾನೂ ಹೇಳಾಕತ್ತೀನಿ."

ಅವರಿಗೆ ಅರ್ಥವಾಗಲಿಲ್ಲ. ಜಗಳವಾಡುವ ಮನುಷ್ಯರಲ್ಲ. "ಆತು, ಮುಂದಿನ ಸಲ ಕಾರಿನ್ಯಾಗ ಕರಕೊಂಡ ಹೋಗ್ತೀನಿ" ಎಂದರು. ನಾನು ಕೇಳಿದ್ದು ಕಾರಲ್ಲ. ಆದರೂ ಹೂಂ ಎಂದೆ, ಯಾಕೆಂದರೆ ಹೋಗಲೇಬೇಕಿತ್ತು.

ಮೂರು ವಾರ ಬಿಟ್ಟು ಹೋದೆವು. ಲೆಕ್ಕದಾಕಿಯ ಗಂಡ ಮೆತ್ತಗಿನ ಮಾತಿನವರು, ರೈತರು. ನಾನು ಅರ್ಧ ಗಂಟೆ ಮಾತನಾಡಿದೆ. ಹಾಸ್ಟೆಲಿನ ಶಿಸ್ತು, ವಾರ್ಡನ್ ಯಾರು, ಎಂತಹ ಮನೆಯ ಹುಡುಗಿಯರಿದ್ದಾರೆ, ಕೊಪ್ಪಳದಲ್ಲಿ ನನ್ನ ಸೋದರಮಾವನ ಮನೆ ಇದೆ, ಎಲ್ಲ ಹೇಳಿದೆ. ಹಿಂದಿನ ದಿನ ಆ ವಾರ್ಡನ್‌ಗೆ ಫೋನ್ ಮಾಡಿ ಕೇಳಿ ತಿಳಿದುಕೊಂಡಿದ್ದೆ. ಅವರು ತಲೆ ಆಡಿಸುತ್ತ ಕೇಳಿ, "ನೋಡೋಣ್ರಿ ಮೇಡಮ್" ಎಂದರು. ನಮ್ಮ ಕಚೇರಿಗೆ ಬಂದವರಿಗೆ ಆಗದ ಕೆಲಸಕ್ಕೆ ನಾನು ಹೇಳುವ ಮಾತು ಅದು.

ನಾನೂ ಲೆಕ್ಕದಾಕಿಯೂ ಚಹಾ ಮಾಡಲು ಒಳಗೆ ಹೋದೆವು. ಹೊರಗೆ ಗಂಡಸರಿಬ್ಬರೂ ಗೊಬ್ಬರದ ಮಾತಿಗಿಳಿದರು. ಯಾವುದು ಕಲಬೆರಕೆ, ಯಾವುದು ಛಲೋ. ಮಾತಿನ ನಡುವೆ ನನ್ನ ಗಂಡ, ಲೋಟ ಸರಿಸುವಷ್ಟು ಸಲೀಸಾಗಿ, "ಹುಡುಗಿ ಭಾಳ ಶ್ಯಾಣ್ಯಾಕಿ ಅದಾಳಂತ. ಕಳಸ್ರಿ, ಏನಾಗಂಗಿಲ್ಲ" ಎಂದರು.

"ಕಳಿಸೋದೇ ಬಿಡ್ರಿ ಮತ್ತ, ನೀವು ಅಂತೀರಿ ಅಂದ್ರ," ಎಂದರು ಲೆಕ್ಕದಾಕಿಯ ಗಂಡ.

ಒಳಗೆ ಚಹಾ ಉಕ್ಕಿ ಒಲೆಯ ಮೇಲೆ ಹರಿಯಿತು. ನಾವಿಬ್ಬರೂ ನೋಡುತ್ತ ನಿಂತಿದ್ದೆವು. ಎರಡು ವರ್ಷದಿಂದ ತಾನು ದಿನಾ ಹೇಳುತ್ತಿದ್ದ ಮಾತು ಅದು ಎಂದು ಲೆಕ್ಕದಾಕಿ ಪಿಸುಗುಟ್ಟಿದಳು. ಮೊದಲು ಅವಳಿಗೆ ನಗು ಬಂತು, ಆಮೇಲೆ ಅಳು. ನನಗೆ ಎರಡೂ ಬರಲಿಲ್ಲ. ಕೈಯಲ್ಲಿದ್ದ ಇಕ್ಕಳವನ್ನು ಗೋಡೆಗೆ ಬೀಸಿ ಒಗೆಯಬೇಕೆನ್ನಿಸಿತು. ಆದರೆ ಕೆಲಸವಾಗಿತ್ತಲ್ಲ. ಯಾರ ಮೇಲೆ ಒಗೆಯುವುದು?

ಹುಡುಗಿ ಈಗ ಕೊಪ್ಪಳದಲ್ಲಿ ಬಿ.ಎಸ್ಸಿ. ಓದುತ್ತಿದ್ದಾಳೆ. ಗಣಿತವನ್ನೇ ತೆಗೆದುಕೊಂಡಿದ್ದಾಳೆ. ಅರ್ಜಿ ತುಂಬಿದ್ದು ನಾನು. ಪ್ರತಿ ಸಾಲನ್ನೂ ಎರಡೆರಡು ಸಲ ಓದಿ ತುಂಬಿದೆ. ಅದರಿಂದ ಏನಾದರೂ ಸರಿಹೋಯಿತೇ ಎಂದರೆ, ಹುಡುಗಿಗೆ ಆಯಿತು. ಅವಳ ತಾಯಿಗೂ ನನಗೂ ಆಗಲಿಲ್ಲ. ಲೆಕ್ಕದಾಕಿ ತಾನಾಗಿ ಫೋನ್ ಮಾಡುವುದಿಲ್ಲ. ನಾನು ಮಾಡಿದರೆ ಎತ್ತುತ್ತಾಳೆ, ಮಗಳ ವಿಷಯ ಹೇಳುತ್ತಾಳೆ, ಇಡುತ್ತಾಳೆ. ಒಮ್ಮೆ ಕೇಳಿಯೇಬಿಟ್ಟೆ, ಇನ್ನೂ ಸಿಟ್ಟೇನು ಎಂದು. "ಇಪ್ಪತ್ತು ವರ್ಷ ನೀ ಆ ಮಾತು ಹೊಟ್ಯಾಗ ಇಟ್ಟಕೊಂಡಿದ್ದಿ, ನಾ ಒಂದ ವರ್ಷನೂ ಇಟಗೋಬಾರದೇನು?" ಎಂದಳು.

ಹಾಗಾಗಿ ಎರಡು ತಿಂಗಳಿಗೊಮ್ಮೆ ರಜೆ ಹಾಕಿ ಬಸ್ಸು ಹತ್ತುತ್ತೇನೆ, ಮನೆಯಲ್ಲಿ ಹೇಳಿಯೇ. ಅತ್ತೆ ಈಗ ಕೇಳುವುದನ್ನು ಬಿಟ್ಟಿದ್ದಾರೆ, ನಿಟ್ಟುಸಿರು ಬಿಡುತ್ತಾರೆ. ಕಳೆದ ಸಲ ಹೋದಾಗ ಲೆಕ್ಕದಾಕಿ ಸೂಜಿ, ದಾರ, ಹುಕ್ಕಿನ ಡಬ್ಬಿ ನನ್ನ ಮುಂದಿಟ್ಟು, ಐದು ಕುಪ್ಪಸ ಹಾಕಿದಳು. ಅವಳ ಅತ್ತೆ ಎದುರಿಗೆ ಕೂತು ಸುಪಾರಿ ಕತ್ತರಿಸುತ್ತಿದ್ದರು. ನಾನು ಒಂದರ ಹುಕ್ಕುಗಳನ್ನೆಲ್ಲ ಹಚ್ಚಿ ಮುಗಿಸಿ ಕೊಟ್ಟೆ. ಅವಳು ಎಳೆದು ನೋಡಿದಳು.

"ಸೊಟ್ಟ ಆಗ್ಯಾವು. ಬಿಚ್ಚಿ ಮತ್ತ ಹಚ್ಚು."

"ಮೂರರ ಬಸ್ಸಿಗೆ ಹೋಗ್ಬೇಕಲೇ ನಾ."

"ನಾಕಕ್ಕ ಇನ್ನೊಂದೈತಿ," ಎಂದು ಅವಳು ಯಂತ್ರ ತುಳಿಯತೊಡಗಿದಳು. ನಾನು ಸಿಟ್ಟಿನಿಂದಲೇ ದಾರ ಕಡಿದು ಮೊದಲನೆಯ ಹುಕ್ಕನ್ನು ಬಿಚ್ಚಿದೆ.